ಎರಡು ದಿನಕ್ಕೆ ಶಿಯಾನ್: ಹೋಗುವ ಮುಂಚೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೀಜಿಂಗ್‌ಗೋ ಶಾಂಘೈಗೋ ಹೊರಟವರು ನಡುವೆ ಎರಡು ದಿನ ಬಿಡುವು ಮಾಡಿಕೊಂಡು ಶಿಯಾನ್‌ಗೆ ಹೋಗಿ ಬರಬಹುದಾ ಎಂದು ಕೇಳುತ್ತಾರೆ. ಹೋಗಬಹುದು. ಆದರೆ ಹೆಚ್ಚಿನವರು ಚೀನಾದ ಮೊದಲ ಚಕ್ರವರ್ತಿಯ ಸಮಾಧಿಯ ಕಾವಲಿಗೆಂದು ಹೂತಿಟ್ಟಿದ್ದ ಮಣ್ಣಿನ ಸೈನಿಕರನ್ನು ನೋಡಿ, ಒಂದು ಬಟ್ಟಲು ನೂಡಲ್ಸ್ ತಿಂದು ರೈಲು ಹತ್ತುತ್ತಾರೆ. ಊರು ಅಷ್ಟಕ್ಕೇ ಮುಗಿಯುವುದಿಲ್ಲ.

ಶಿಯಾನ್ ಎಲ್ಲಿದೆ? ಅಲ್ಲಿ ಅಂಥದ್ದೇನಿದೆ?

ಚೀನಾದ ನಡುಭಾಗದಲ್ಲಿ, ಶಾನ್‌ಶಿ ಪ್ರಾಂತ್ಯದ ರಾಜಧಾನಿ. ಹಳೆಯ ಹೆಸರು ಚಾಂಗಾನ್. ಹಾನ್, ಸುಯಿ, ತಾಂಗ್ ದೊರೆಗಳು ಇಲ್ಲಿಂದಲೇ ಆಳಿದರು. ರೇಷ್ಮೆ ದಾರಿಯ ಒಂದು ತುದಿ ಇದೇ ಊರು.

ಇಲ್ಲಿ ಒಂದು ವಿಷಯ ಮೊದಲೇ ತಿಳಿದುಕೊಂಡರೆ ಗೊಂದಲ ಕಡಿಮೆ. ನೀವು ನೋಡುವುದೆಲ್ಲ ಒಂದೇ ಕಾಲದ್ದಲ್ಲ. ಮಣ್ಣಿನ ಸೈನಿಕರು ಕ್ರಿಸ್ತಪೂರ್ವ 3ನೇ ಶತಮಾನದ ಚಿನ್ ಕಾಲದವರು. ಪಗೋಡ ಎಂಬ ಬೌದ್ಧ ಗೋಪುರಗಳು 7 ಮತ್ತು 8ನೇ ಶತಮಾನದ ತಾಂಗ್ ಕಾಲದವು. ಕೋಟೆ ಗೋಡೆ 14ನೇ ಶತಮಾನದ ಮಿಂಗ್ ದೊರೆಗಳದ್ದು. ಸೈನಿಕರಿಗೂ ಗೋಡೆಗೂ ನಡುವೆ ಹದಿನೈದು ಶತಮಾನಕ್ಕಿಂತ ಜಾಸ್ತಿ ಅಂತರ ಇದೆ. ಟೂರ್ ಬಸ್ಸಿನಲ್ಲಿ ಒಂದೇ ದಿನ ಎಲ್ಲ ತೋರಿಸಿಬಿಟ್ಟರೆ ಇದು ತಲೆಗೆ ಹೋಗುವುದೇ ಇಲ್ಲ.

ಎರಡು ದಿನ ಸಾಕಾ?

ಊರಿನ ಒಳಗೆ ಒಂದು ದಿನ, ಹೊರಗೆ ಒಂದು ದಿನ ಎಂದುಕೊಂಡರೆ ಸಾಕು. ಹೊರಗಿನ ದಿನ ಮಣ್ಣಿನ ಸೈನಿಕರಿಗೆ. ಒಳಗಿನ ದಿನ ಗೋಡೆ, ದೊಡ್ಡ ಪಗೋಡ, ಸಂಜೆಗೆ ಮುಸ್ಲಿಂ ಬೀದಿ. ಇನ್ನೊಂದು ಅರ್ಧ ದಿನ ಸಿಕ್ಕರೆ ಶಾನ್‌ಶಿ ಇತಿಹಾಸ ಮ್ಯೂಸಿಯಂ ಸೇರಿಸಿ. ಒಂದೇ ದಿನ ಇದೆ ಅನ್ನುವವರು ಸೈನಿಕರನ್ನು ಬಿಟ್ಟರೂ ಪರವಾಗಿಲ್ಲ, ಊರಿನಲ್ಲೇ ಇರಿ ಎಂಬುದು ನನ್ನ ಅಭಿಪ್ರಾಯ. ಇದನ್ನು ಒಪ್ಪದವರೇ ಜಾಸ್ತಿ, ಗೊತ್ತು.

ಮಣ್ಣಿನ ಸೈನಿಕರು ಊರಿನಲ್ಲೇ ಇದ್ದಾರಾ? ಹೇಗೆ ಹೋಗಬೇಕು?

ಊರಿನಲ್ಲಿಲ್ಲ. ಪೂರ್ವಕ್ಕೆ ಸುಮಾರು 40 ಕಿಲೋಮೀಟರ್ ದೂರದ ಲಿನ್‌ತೊಂಗ್‌ನಲ್ಲಿದ್ದಾರೆ. ಮೆಟ್ರೋದಲ್ಲಿ 9ನೇ ಲೈನ್ ಹಿಡಿದು ಹ್ವಾಚಿಂಗ್‌ಚೀ ಸ್ಟೇಷನ್‌ನಲ್ಲಿ ಇಳಿದು, ಅಲ್ಲಿಂದ ಬಸ್ಸು ಅಥವಾ ಟ್ಯಾಕ್ಸಿ. ಊರಿನ ನಡುವಿನಿಂದ ಒಂದೂವರೆ ಗಂಟೆ ಇಟ್ಟುಕೊಳ್ಳಿ. ಗುಂಪಾಗಿ ಹೋಗುವುದಾದರೆ ನೇರ ಟ್ಯಾಕ್ಸಿಯೇ ಸುಖ.

ಟಿಕೆಟ್ 120 ಯುವಾನ್ ಆಸುಪಾಸು. ಪಾಸ್‌ಪೋರ್ಟ್ ನಂಬರ್ ಕೊಟ್ಟು ಮೊದಲೇ ಆನ್‌ಲೈನ್‌ನಲ್ಲಿ ಬುಕ್ ಮಾಡಬೇಕು. ಬಾಗಿಲಲ್ಲಿ ಪಾಸ್‌ಪೋರ್ಟೇ ಟಿಕೆಟ್. ಅದನ್ನು ಹೋಟೆಲ್ ಲಾಕರ್‌ನಲ್ಲಿ ಜೋಪಾನವಾಗಿ ಇಟ್ಟು ಬಂದರೆ ವಾಪಸ್ ಹೋಗಬೇಕಾಗುತ್ತದೆ.

ಒಂದು ಎಚ್ಚರಿಕೆ. ರೈಲು ನಿಲ್ದಾಣದ ಹತ್ತಿರ ‘ಸೈನಿಕರನ್ನು ತೋರಿಸುತ್ತೇವೆ, ಬನ್ನಿ’ ಎಂದು ಕರೆಯುವವರ ವ್ಯಾನ್ ಹತ್ತಬೇಡಿ. ಗೊಂಬೆ ಮಾರುವ ಅಂಗಡಿಗೋ ನಕಲಿ ಪ್ರದರ್ಶನಕ್ಕೋ ಕರೆದುಕೊಂಡು ಹೋಗುವ ಅಭ್ಯಾಸ ಅಲ್ಲಿ ಹಳೆಯದು.

ಫೋಟೋದಲ್ಲಿ ನೋಡಿದ್ದೇವೆ. ಹೋಗಿ ನೋಡಿದರೆ ನಿರಾಸೆ ಆಗುತ್ತಾ?

ಮೊದಲ ಐದು ನಿಮಿಷ ಆಗಬಹುದು. ಜನ ಅಷ್ಟಿರುತ್ತಾರೆ. ಕಟಕಟೆಯ ಹತ್ತಿರ ಹೋಗುವುದೇ ಕಷ್ಟ. ಎಲ್ಲರ ಕೈಯಲ್ಲೂ ಎತ್ತಿ ಹಿಡಿದ ಫೋನು.

ಸ್ವಲ್ಪ ತಾಳ್ಮೆ ಇಟ್ಟುಕೊಂಡು 1ನೇ ಗುಂಡಿಯ ಹಿಂಭಾಗಕ್ಕೆ ಹೋಗಿ. 230 ಮೀಟರ್ ಉದ್ದ, 62 ಮೀಟರ್ ಅಗಲದ ಗುಂಡಿ ಅದು. ಮುಂದೆ ಸಾಲಾಗಿ ನಿಂತವರನ್ನು ಎಲ್ಲರೂ ನೋಡುತ್ತಾರೆ. ಹಿಂದೆ ಕೆಲಸ ನಡೆಯುವ ಜಾಗ. ಕಾಲಿಲ್ಲದವರು, ತಲೆಯಿಲ್ಲದವರು, ಅರ್ಧ ಜೋಡಿಸಿದ ಕುದುರೆಗಳು, ಚೀಟಿ ಅಂಟಿಸಿದ ತುಂಡುಗಳು. ಸೈನಿಕರು ಹೀಗೆ ನಿಂತೇ ಸಿಕ್ಕರು ಎಂದು ತುಂಬಾ ಜನ ಅಂದುಕೊಂಡಿದ್ದಾರೆ. ಇಲ್ಲ. ಬೆಂಕಿಗೆ ಸಿಕ್ಕಿ, ಮೇಲಿನ ಮರದ ಚಾವಣಿ ಕುಸಿದು, ಬಹುತೇಕ ಎಲ್ಲ ಚೂರುಚೂರಾಗಿದ್ದವು. ಈಗ ನಿಂತಿರುವ ಒಬ್ಬೊಬ್ಬನನ್ನೂ ತಿಂಗಳುಗಟ್ಟಲೆ ಕೂತು ಜೋಡಿಸಿದ್ದಾರೆ. ಇದು ತಿಳಿದ ಮೇಲೆ ಮುಂದಿನ ಸಾಲನ್ನು ಇನ್ನೊಮ್ಮೆ ನೋಡಿ, ಬೇರೆಯದೇ ಅನಿಸುತ್ತದೆ.

ಮೂರು ಗುಂಡಿಗಳಲ್ಲಿ ಒಟ್ಟು ಸುಮಾರು 8000 ಸೈನಿಕರು ಇದ್ದಾರೆಂದು ಅಂದಾಜು. ಅದರಲ್ಲಿ ಹೊರಗೆ ತೆಗೆದಿರುವುದು ಒಂದು ಪಾಲು ಮಾತ್ರ. ಅವರಿಗೆ ಬಣ್ಣ ಹಚ್ಚಿತ್ತು. ಮಣ್ಣಿನಿಂದ ತೆಗೆದ ಕೂಡಲೇ ಬಣ್ಣದ ಅಡಿಗೆ ಬಳಿದಿದ್ದ ಲ್ಯಾಕರ್ ಎಂಬ ಮರದಂಟಿನ ಮೆರುಗು ಒಣಗಿ ಸುರುಳಿ ಎದ್ದು ಬಣ್ಣ ಉದುರುತ್ತಿತ್ತು. ಅದಕ್ಕೇ ಉಳಿದವರನ್ನು ತೆಗೆಯಲು ಅವಸರ ಮಾಡುತ್ತಿಲ್ಲ. 2ನೇ ಗುಂಡಿಯಲ್ಲಿ ಗಾಜಿನ ಪೆಟ್ಟಿಗೆಯಲ್ಲಿರುವ ಮಂಡಿಯೂರಿದ ಬಿಲ್ಲುಗಾರನನ್ನು ಹತ್ತಿರದಿಂದ ನೋಡಬಹುದು. ಅವನ ಚಪ್ಪಲಿಯ ಅಡಿಯಲ್ಲಿರುವ ಹೊಲಿಗೆಯ ಚುಕ್ಕೆಗಳೂ ಕಾಣಿಸುತ್ತವೆ. ಹಿಂದಿನಿಂದ ನೋಡಲು ಮರೆಯಬೇಡಿ.

ಬಾವಿ ತೋಡುವಾಗ ಸಿಕ್ಕಿದ್ದು ನಿಜವಾ?

ನಿಜ. 1974ರ ಮಾರ್ಚ್‌ನಲ್ಲಿ ರೈತರು ನೀರಿಗಾಗಿ ಬಾವಿ ತೋಡುತ್ತಿದ್ದರು. ಮೊದಲು ಸುಟ್ಟ ಮಣ್ಣಿನ ತುಂಡುಗಳು ಬಂದವು. 1979ರ ಅಕ್ಟೋಬರ್‌ನಲ್ಲಿ ಮ್ಯೂಸಿಯಂ ತೆರೆಯಿತು. 1987ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು.

ಚಕ್ರವರ್ತಿಯ ಸಮಾಧಿಯ ಒಳಗೆ ಹೋಗಬಹುದಾ?

ಇಲ್ಲ. ಅದನ್ನು ಇನ್ನೂ ಅಗೆದೇ ಇಲ್ಲ. ಚಿನ್ ಶಿ ಹ್ವಾಂಗ್ ಕ್ರಿಸ್ತಪೂರ್ವ 221ರಲ್ಲಿ ಚೀನಾವನ್ನು ಒಂದು ಮಾಡಿದ, 210ರಲ್ಲಿ ಸತ್ತ. ಸಮಾಧಿಯೊಳಗೆ ಪಾದರಸದ ನದಿಗಳಿವೆ ಎಂದು ಹಾನ್ ಕಾಲದ ಇತಿಹಾಸಕಾರ ಸಿಮಾ ಚಿಯನ್ ಬರೆದಿದ್ದಾನೆ. ಕಟ್ಟುಕಥೆ ಅನಿಸುತ್ತದೆ ಅಲ್ವಾ? ಆದರೆ ಆ ದಿಬ್ಬದ ಮಣ್ಣನ್ನು ಪರೀಕ್ಷಿಸಿದಾಗ ಪಾದರಸದ ಅಂಶ ಸುತ್ತಲಿನ ಜಾಗಕ್ಕಿಂತ ತುಂಬಾ ಹೆಚ್ಚಿತ್ತು.

ಹೊರಗಿನಿಂದ ನೋಡಿದರೆ ಅದೊಂದು ಮರ ಬೆಳೆದ ಗುಡ್ಡ, ಅಷ್ಟೇ. ಅದೇ ಆವರಣದಲ್ಲಿ 2021ರಲ್ಲಿ ತೆರೆದ ಕಂಚಿನ ರಥಗಳ ಮ್ಯೂಸಿಯಂ ಇದೆ. 1980ರಲ್ಲಿ ಸಿಕ್ಕ ಎರಡು ರಥಗಳು ಅಲ್ಲಿವೆ. ನಿಜವಾದ ರಥದ ಅರ್ಧ ಅಳತೆಯವು. ಕುದುರೆಯ ಲಗಾಮಿನ ಕೊಂಡಿಗಳನ್ನು ನೋಡುತ್ತಾ ಸಮಯ ಹೋದದ್ದೇ ಗೊತ್ತಾಗುವುದಿಲ್ಲ. ಸೈನಿಕರ ಟಿಕೆಟ್ಟಿನಲ್ಲೇ ಇದೂ ಸೇರಿದೆ, ಆದರೂ ಅರ್ಧ ಜನ ಇಲ್ಲಿಗೆ ಬರುವುದಿಲ್ಲ.

ಎರಡು ಸಾವಿರ ವರ್ಷದ ಹಿಂದೆಯೇ ಕತ್ತಿಗೆ ಕ್ರೋಮಿಯಂ ಲೇಪ ಹಾಕಿದ್ದರು ಅನ್ನುತ್ತಾರಲ್ಲ?

ಗೈಡ್‌ಗಳು ಈಗಲೂ ಹೇಳುತ್ತಾರೆ. 2019ರಲ್ಲಿ ಪ್ರಕಟವಾದ ಸಂಶೋಧನೆ ಇದನ್ನು ತಳ್ಳಿಹಾಕಿತು. ಆಯುಧದ ಮೇಲೆ ಸಿಕ್ಕ ಕ್ರೋಮಿಯಂ ಬಂದದ್ದು ಹಿಡಿಗೂ ಸೈನಿಕರಿಗೂ ಬಳಿದಿದ್ದ ಲ್ಯಾಕರ್‌ನಿಂದ. ಕಂಚು ಹಾಳಾಗದೆ ಉಳಿದದ್ದಕ್ಕೆ ಅಲ್ಲಿನ ಮಣ್ಣಿನ ಗುಣ ಮತ್ತು ಕಂಚಿನಲ್ಲಿದ್ದ ತವರದ ಪ್ರಮಾಣ ಕಾರಣ.

ಕೋಟೆ ಗೋಡೆಯ ಮೇಲೆ ಸೈಕಲ್ ಹೊಡೆಯಬಹುದಂತೆ, ಹೌದಾ?

ಹೌದು, ಹೊಡೆಯಲೇಬೇಕು. ಸುತ್ತಳತೆ ಸುಮಾರು 13.7 ಕಿಲೋಮೀಟರ್. ಎತ್ತರ 12 ಮೀಟರ್. ಮೇಲಿನ ಅಗಲವೂ 12 ಮೀಟರ್‌ಗಿಂತ ಕಡಿಮೆ ಇಲ್ಲ, ನಮ್ಮ ಎಷ್ಟೋ ರಸ್ತೆಗಳಿಗಿಂತ ಅಗಲ. 1370ರ ದಶಕದಲ್ಲಿ ಮಿಂಗ್ ದೊರೆ ಹೊಂಗ್‌ವು ಕಾಲದಲ್ಲಿ ಕಟ್ಟಿದ್ದು. ದಕ್ಷಿಣ ಬಾಗಿಲಾದ ಯೊಂಗ್‌ನಿಂಗ್‌ಮನ್ ಹತ್ತಿರ ಹತ್ತಿ. ಮೇಲೆಯೇ ಸೈಕಲ್ ಬಾಡಿಗೆಗೆ ಸಿಗುತ್ತದೆ. ಇಬ್ಬರು ತುಳಿಯುವ ಸೈಕಲ್ಲೂ ಉಂಟು.

ಒಂದು ಸುತ್ತಿಗೆ ಎರಡು ಗಂಟೆ ಇಟ್ಟುಕೊಳ್ಳಿ. ಇಟ್ಟಿಗೆ ಹಾಸು ಸಮತಟ್ಟಾಗಿಲ್ಲ, ಕೈ ಜುಮ್ಮೆನ್ನುತ್ತದೆ. ನೆರಳು ಇಲ್ಲವೇ ಇಲ್ಲ. ಮಳೆ ಬಂದರೆ ಸೈಕಲ್ ಕೊಡುವುದಿಲ್ಲ. ಬೇಸಿಗೆಯಲ್ಲಿ ಮಧ್ಯಾಹ್ನ ಬೇಡವೇ ಬೇಡ. ಸೂರ್ಯ ಇಳಿಯುವ ಒಂದೂವರೆ ಗಂಟೆ ಮುಂಚೆ ಹತ್ತಿದರೆ ಕತ್ತಲಾಗುವಾಗ ಗೋಪುರಗಳಿಗೆ ದೀಪ ಹಾಕಿರುತ್ತಾರೆ. ಒಂದು ಕಡೆ ಹಳೆಯ ಹೆಂಚಿನ ಮನೆ, ಇನ್ನೊಂದು ಕಡೆ ಮೂವತ್ತು ಮಹಡಿಯ ಕಟ್ಟಡ. ಸೈಕಲ್ ಬರದವರಿಗೆ ಬ್ಯಾಟರಿ ಗಾಡಿ ಇದೆ.

ದೊಡ್ಡ ಪಗೋಡ ಗೋಡೆಯ ಒಳಗಿಲ್ಲವಲ್ಲ, ಯಾಕೆ?

ಒಳ್ಳೆಯ ಪ್ರಶ್ನೆ. ಗೋಡೆಯಿಂದ ದಕ್ಷಿಣಕ್ಕೆ ನಾಲ್ಕು ಕಿಲೋಮೀಟರ್ ಹೋಗಬೇಕು. ಆದರೆ ಕಟ್ಟಿದಾಗ ಅದು ಊರಿನ ಒಳಗೇ ಇತ್ತು. ತಾಂಗ್ ಕಾಲದ ಚಾಂಗಾನ್ ಸುಮಾರು 84 ಚದರ ಕಿಲೋಮೀಟರ್ ಹರಡಿತ್ತು. ಆಗಿನ ಜಗತ್ತಿನ ಅತಿ ದೊಡ್ಡ ನಗರಗಳಲ್ಲಿ ಒಂದು. ಆ ರಾಜವಂಶ ಹೋದ ಮೇಲೆ ಊರು ಕುಗ್ಗಿತು. ಈಗಿನ ಮಿಂಗ್ ಗೋಡೆ ಸುತ್ತುವರಿದಿರುವುದು ಆ ನಗರದ ಸಣ್ಣ ತುಣುಕನ್ನು ಮಾತ್ರ. ಸೈಕಲ್ಲಿನಲ್ಲಿ ಗೋಡೆ ಸುತ್ತಿ ಸುಸ್ತಾದವರು ಪಗೋಡಕ್ಕೆ ಮೆಟ್ರೋದಲ್ಲಿ ಹೋಗುವಾಗ ಈ ದೂರವನ್ನು ಗಮನಿಸಿ. ಹಳೆಯ ಊರು ಎಷ್ಟು ದೊಡ್ಡದಿತ್ತು ಎಂಬುದು ಅಂಕಿಗಿಂತ ಚೆನ್ನಾಗಿ ಗೊತ್ತಾಗುತ್ತದೆ.

ನಮಗೂ ಶಿಯಾನ್‌ಗೂ ಏನಾದರೂ ಸಂಬಂಧ ಇದೆಯಾ?

ಇದೆ, ಅದೂ ಇದೇ ಪಗೋಡದಲ್ಲಿ. ಶಾಲೆಯಲ್ಲಿ ಹ್ಯುಯೆನ್ ತ್ಸಾಂಗ್ ಎಂದು ಓದಿದ್ದೆವಲ್ಲ, ಆ ಬೌದ್ಧ ಭಿಕ್ಷು ಕೆಲಸ ಮಾಡಿದ ಜಾಗ ಇದು. ಅಲ್ಲಿ ಅವನನ್ನು ಷ್ವಾನ್‌ಜಾಂಗ್ ಎನ್ನುತ್ತಾರೆ. ಪಗೋಡದ ಮುಂದಿನ ಚೌಕದಲ್ಲಿ ಕೋಲು ಹಿಡಿದು ನಿಂತಿರುವ ಪ್ರತಿಮೆ ಅವನದೇ.

ದೊರೆಯ ಅಪ್ಪಣೆ ಇಲ್ಲದೆ ಹೊರಟವನು ಅವನು. ಮರುಭೂಮಿ, ಹಿಮದ ಬೆಟ್ಟ ದಾಟಿ ಭಾರತಕ್ಕೆ ಬಂದ. ನಳಂದದಲ್ಲಿ ಶೀಲಭದ್ರನ ಹತ್ತಿರ ಕಲಿತ, ಹರ್ಷನ ಆಸ್ಥಾನದಲ್ಲಿ ಮಾನ ಪಡೆದ. 645ರಲ್ಲಿ 657 ಗ್ರಂಥಗಳ ಜೊತೆ ಚಾಂಗಾನ್‌ಗೆ ಮರಳಿದ. ಆಮೇಲೆ ಸಾಯುವ ತನಕ, ಅಂದರೆ 664ರ ತನಕ, ಅನುವಾದದಲ್ಲೇ ಮುಳುಗಿದ್ದ. ತಂದ ಗ್ರಂಥಗಳಿಗೆ ಬೆಂಕಿಯ ಭಯ ಇರಬಾರದೆಂದು 652ರಲ್ಲಿ ಈ ಪಗೋಡ ಕಟ್ಟಿಸಿದ.

ಈಗ ನಮ್ಮ ಕಥೆ. ಅವನು ದಖ್ಖನ್ನಿಗೂ ಬಂದಿದ್ದ. ಬಾದಾಮಿ ಚಾಲುಕ್ಯರ ಇಮ್ಮಡಿ ಪುಲಕೇಶಿಯ ಬಗ್ಗೆ ಬರೆದಿದ್ದಾನೆ. ಹರ್ಷ ಎಲ್ಲೆಲ್ಲೂ ಗೆದ್ದರೂ ಈ ದೊರೆಯನ್ನು ಮಾತ್ರ ಬಗ್ಗಿಸಲಾಗಲಿಲ್ಲ ಎನ್ನುತ್ತಾನೆ. ಹರ್ಷನ ಅತಿಥಿಯಾಗಿದ್ದವನೇ ಹೀಗೆ ಬರೆದದ್ದು ಗಮನಿಸಿ. 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿ ಇದೇ ಗೆಲುವನ್ನು ಹೊಗಳಿದ್ದಾನೆ. ರವಿಕೀರ್ತಿ ಆಸ್ಥಾನದ ಕವಿ, ಹೊಗಳುವುದು ಅವನ ಕೆಲಸ. ಹೊರಗಿನವನೂ ಅದನ್ನೇ ಹೇಳಿದಾಗ ಮಾತಿಗೆ ತೂಕ ಬರುತ್ತದೆ.

ಆ ನಾಡಿನ ಜನರ ಬಗ್ಗೆ ಅವನು ಬರೆದಿರುವುದು ಇನ್ನೂ ಸ್ವಾರಸ್ಯ. ಎತ್ತರದ ಆಳುಗಳು, ಸ್ವಾಭಿಮಾನಿಗಳು, ಉಪಕಾರ ಮರೆಯದವರು, ಅವಮಾನ ಸಹಿಸದವರು. ಸೇಡು ತೀರಿಸಿಕೊಳ್ಳುವ ಮುಂಚೆ ಎದುರಾಳಿಗೆ ತಿಳಿಸಿಯೇ ಹೋಗುತ್ತಾರೆ. ಸೋತು ಬಂದ ಸೇನಾಪತಿಗೆ ಶಿಕ್ಷೆ ಕೊಡುವುದಿಲ್ಲ, ಹೆಂಗಸರ ಬಟ್ಟೆ ಕೊಡುತ್ತಾರೆ. ಯುದ್ಧಕ್ಕೆ ಮುಂಚೆ ಆನೆಗಳಿಗೂ ಹೆಂಡ ಕುಡಿಸುತ್ತಾರೆ. ಅವನು ದಖ್ಖನ್ನಿಗೆ ಬಂದು ಹೋದ ಸ್ವಲ್ಪ ಸಮಯಕ್ಕೇ ಪಲ್ಲವರು ಬಾದಾಮಿಗೆ ನುಗ್ಗಿದರು.

ಬಾದಾಮಿ, ಐಹೊಳೆ ನೋಡಿದವರು ಶಿಯಾನ್‌ಗೆ ಹೋದರೆ ಈ ಪಗೋಡಕ್ಕೆ ಬರೀ ಫೋಟೋ ತೆಗೆಯಲು ಹೋಗಬೇಡಿ. ಒಂದು ಬೆಳಿಗ್ಗೆ ಕೊಡಿ.

ಪಗೋಡ ಹತ್ತಬೇಕಾ? ಅವನು ತಂದ ಗ್ರಂಥಗಳು ಈಗಲೂ ಇವೆಯಾ?

ತಾಳೆಗರಿ ತುಂಬಿದ ಕಪಾಟು ಇರುತ್ತದೆ ಎಂಬ ಆಸೆ ಬೇಡ. ಉಳಿದಿರುವುದು ಅವನ ಚೀನೀ ಅನುವಾದಗಳು. ಪಗೋಡಕ್ಕೆ ಏಳು ಅಂತಸ್ತು, ಸುಮಾರು 64 ಮೀಟರ್ ಎತ್ತರ. ಈಗಿನ ರೂಪ 704ರಲ್ಲಿ ರಾಣಿ ವು ಜತಿಯನ್ ಕಾಲದಲ್ಲಿ ಬಂದದ್ದು. ದೇವಾಲಯಕ್ಕೆ ಒಂದು ಟಿಕೆಟ್, ಹತ್ತಲು ಇನ್ನೊಂದು. ಮಂಡಿ ನೋವಿದ್ದವರು ಎರಡನೆಯದನ್ನು ಬಿಡಿ. ಮೇಲಿನ ಕಿಂಡಿಗಳು ಚಿಕ್ಕವು. ಅದಕ್ಕಿಂತ ಕೆಳಗೆ ದಕ್ಷಿಣ ಬಾಗಿಲ ಪಕ್ಕದ ಕಲ್ಲಿನ ಶಾಸನ ನೋಡಿ. ಅವನ ಅನುವಾದಗಳಿಗೆ ಚಕ್ರವರ್ತಿ ತಾಯ್‌ಜೊಂಗ್ ಬರೆದ ಮುನ್ನುಡಿ ಅದು. 653ರಲ್ಲಿ ಕೆತ್ತಿದ್ದು.

ಸಣ್ಣ ಪಗೋಡಕ್ಕೂ ಹೋಗಬೇಕಾ?

ಜನಜಂಗುಳಿ ಸಾಕಾಗಿದ್ದರೆ ಖಂಡಿತ. ಹಳೆಯ ಮರಗಳಿರುವ ತೋಟ, ಪಕ್ಕದಲ್ಲೇ ಶಿಯಾನ್ ಮ್ಯೂಸಿಯಂ. ಹದಿನೈದು ಅಂತಸ್ತಿದ್ದ ಪಗೋಡ ಭೂಕಂಪಗಳಲ್ಲಿ ತುದಿ ಕಳೆದುಕೊಂಡು ಈಗ ಹದಿಮೂರಕ್ಕೆ ನಿಂತಿದೆ. ನನಗೆ ದೊಡ್ಡದಕ್ಕಿಂತ ಇದೇ ಹೆಚ್ಚು ಇಷ್ಟ.

ಮುಸ್ಲಿಂ ಬೀದಿ ಎಂದರೆ ಏನು?

ಡ್ರಮ್ ಟವರ್ ಎಂಬ ಹಳೆಯ ನಗಾರಿ ಗೋಪುರದ ಹಿಂದಿನ ಗಲ್ಲಿಗಳು. ರೇಷ್ಮೆ ದಾರಿಯಲ್ಲಿ ಬಂದ ವ್ಯಾಪಾರಿಗಳ ವಂಶದವರಾದ ಹುಯಿ ಮುಸ್ಲಿಮರು ತಲೆಮಾರುಗಳಿಂದ ಇಲ್ಲಿದ್ದಾರೆ. ಮುಖ್ಯ ಬೀದಿ ಬೇಯುವಾನ್‌ಮನ್ ಈಗ ಪೂರ್ತಿ ಪ್ರವಾಸಿಗರಿಗೇ ಆಗಿಹೋಗಿದೆ. ಒಮ್ಮೆ ನಡೆದು ಮುಗಿಸಿ, ಪಶ್ಚಿಮಕ್ಕೆ ಸಾಜಿನ್‌ಚಿಯಾವ್ ಕಡೆಗೆ ಹೋಗಿ. ಊರಿನವರು ತಿನ್ನುವುದು ಅಲ್ಲಿ.

ಗಲ್ಲಿಯ ಒಳಗೇ ದೊಡ್ಡ ಮಸೀದಿ ಇದೆ. 742ರಲ್ಲಿ ಶುರುವಾಯಿತೆಂಬ ನಂಬಿಕೆ, ಈಗಿನ ಕಟ್ಟಡಗಳು ಹೆಚ್ಚಾಗಿ ಮಿಂಗ್ ಕಾಲದವು. ಗುಮ್ಮಟ ಹುಡುಕಬೇಡಿ. ಬಾಗಿದ ಹೆಂಚಿನ ಮಾಡು, ಒಂದರ ಹಿಂದೆ ಒಂದು ಅಂಗಳ, ಮಿನಾರಿನ ಜಾಗದಲ್ಲಿ ಪಗೋಡದಂಥ ಗೋಪುರ. ಪ್ರಾರ್ಥನೆಯ ಹಾಲ್‌ಗೆ ಬೇರೆಯವರಿಗೆ ಪ್ರವೇಶ ಇಲ್ಲ. ಹೊರಗೆ ಅಷ್ಟು ಗದ್ದಲ, ಒಳಗೆ ಹಕ್ಕಿಗಳ ಸದ್ದು.

ಸಸ್ಯಾಹಾರಿಗಳು ಏನು ತಿನ್ನುವುದು?

ಅತಿ ಹೆಚ್ಚು ಕೇಳುವ ಪ್ರಶ್ನೆ ಇದೇ. ಉಪವಾಸ ಇರಬೇಕಾಗಿಲ್ಲ. ಈ ಊರು ಅನ್ನಕ್ಕಿಂತ ಗೋಧಿಯ ಊರು. ಖಾರ, ಹುಳಿ ಎರಡೂ ನಮ್ಮ ನಾಲಿಗೆಗೆ ಹತ್ತಿರ.

ಲಿಯಾಂಗ್‌ಪಿ ಕೇಳಿ. ಅಕ್ಕಿ ಅಥವಾ ಗೋಧಿಯ ಗಂಜಿಯಿಂದ ಮಾಡಿದ ಅಗಲ ಪಟ್ಟಿಗಳು. ಮೇಲೆ ವಿನೆಗರ್, ಮೆಣಸಿನ ಎಣ್ಣೆ, ಸೌತೆಕಾಯಿ. ತಣ್ಣಗೆ ಕೊಡುತ್ತಾರೆ. ಯೋಪೊ ಮಿಯನ್ ಎಂಬ ನೂಡಲ್ಸ್ ಮೇಲೆ ಮೆಣಸಿನ ಪುಡಿ, ಬೆಳ್ಳುಳ್ಳಿ ಇಟ್ಟು ಕುದಿಯುವ ಎಣ್ಣೆ ಸುರಿಯುತ್ತಾರೆ. ಆ ಚುಂಯ್ ಸದ್ದಿಗೆ ಒಗ್ಗರಣೆ ನೆನಪಾಗದೆ ಇರದು. ಸಿಹಿಗೆ ಹಲಸಂದೆ ಜಾತಿಯ ಕಾಳು, ಖರ್ಜೂರದಂಥ ಹಣ್ಣು ಹಾಕಿ ಬೇಯಿಸಿದ ಅಂಟಕ್ಕಿಯ ಜಂಗ್‌ಗಾವ್ ಇದೆ. ಪರ್ಸಿಮನ್ ಹಣ್ಣಿನ ಕರಿದ ಬಿಲ್ಲೆಗಳೂ ಇವೆ. ಕುಡಿಯಲು ದಾಳಿಂಬೆ ರಸ, ಇಲ್ಲವೇ ಊರಿನ ಕಿತ್ತಳೆ ಸೋಡಾ ಬಿಂಗ್‌ಫಂಗ್.

ಎರಡು ಮಾತು ಕಲಿತು ಹೋಗಿ. ‘ವೊ ಚಿ ಸು’ ಎಂದರೆ ನಾನು ಸಸ್ಯಾಹಾರಿ. ‘ಬು ಯಾವ್ ರೋ’ ಎಂದರೆ ಮಾಂಸ ಬೇಡ. ಉಚ್ಚಾರ ಅವರಿಗೆ ಅರ್ಥ ಆಗದೇ ಇರಬಹುದು, ಹಾಗಾಗಿ ಚೀನೀ ಅಕ್ಷರದಲ್ಲಿ ಫೋನಿನಲ್ಲಿ ಬರೆದು ಇಟ್ಟುಕೊಳ್ಳಿ. ಮಾಂಸ ಬೇಡ ಅಂದರೂ ಸಾರು ಮೂಳೆಯದ್ದಾಗಿರಬಹುದು, ಅದನ್ನೂ ಬರೆಸಿಕೊಳ್ಳಿ. ಕಟ್ಟುನಿಟ್ಟಿನವರಿಗೆ ಬೌದ್ಧ ಸಸ್ಯಾಹಾರಿ ಹೋಟೆಲ್‌ಗಳೇ ವಾಸಿ. ಅಲ್ಲಿ ಸಾಮಾನ್ಯವಾಗಿ ಈರುಳ್ಳಿ, ಬೆಳ್ಳುಳ್ಳಿಯೂ ಇರುವುದಿಲ್ಲ.

ಮಾಂಸ ತಿನ್ನುವವರಿಗೆ ಊರಿನ ಹೆಮ್ಮೆ ಯಾಂಗ್‌ರೋ ಪಾವ್‌ಮೋ. ಗಟ್ಟಿ ರೊಟ್ಟಿಯನ್ನು ನೀವೇ ಬಟ್ಟಲಿಗೆ ಚೂರು ಮಾಡಿ ಕೊಡಬೇಕು, ಅವರು ಕುರಿ ಸಾರಿನಲ್ಲಿ ಬೇಯಿಸಿ ತರುತ್ತಾರೆ. ಚೂರು ದೊಡ್ಡದಾದರೆ ಪಕ್ಕದ ಮೇಜಿನ ಅಜ್ಜಂದಿರು ನಿಮ್ಮನ್ನು ನೋಡಿ ನಗುತ್ತಾರೆ.

ಶಾನ್‌ಶಿ ಇತಿಹಾಸ ಮ್ಯೂಸಿಯಂ ಟಿಕೆಟ್ ಸಿಗುತ್ತಿಲ್ಲ. ಏನು ಮಾಡಲಿ?

ಸಾಮಾನ್ಯ ಪ್ರವೇಶ ಉಚಿತ, ಅದಕ್ಕೇ ಸಿಗುವುದಿಲ್ಲ. ದಿನಗಳ ಮುಂಚೆ ಬುಕಿಂಗ್ ತೆರೆದ ಕೂಡಲೇ ಖಾಲಿ. ಸೋಮವಾರ ರಜೆ. ಸಿಕ್ಕರೆ 1970ರಲ್ಲಿ ಹೆಜಿಯಾ ಹಳ್ಳಿಯಲ್ಲಿ ಸಿಕ್ಕ ತಾಂಗ್ ಕಾಲದ ಚಿನ್ನ, ಬೆಳ್ಳಿಯ ನಿಧಿ ನೋಡಿ. ಸಿಗದಿದ್ದರೆ ಬೇಲಿನ್ ಎಂಬ ಶಾಸನಗಳ ಮ್ಯೂಸಿಯಂಗೆ ಹೋಗಿ. 1087ರಿಂದ ಕೂಡಿಟ್ಟ ಕಲ್ಲುಗಳು. 781ರ ಒಂದು ಶಾಸನದಲ್ಲಿ ಚೀನೀ ಲಿಪಿಯ ಜೊತೆ ಪಶ್ಚಿಮ ಏಷ್ಯಾದ ಸಿರಿಯಾಕ್ ಲಿಪಿ ಇದೆ. ಚೀನಾಕ್ಕೆ ಕ್ರೈಸ್ತರು ಬಂದ ಕಥೆ ಅದು. ಶಾಸನ ಎಂದರೆ ಕಣ್ಣರಳಿಸುವವರಿಗೆ ಇದೇ ಮೊದಲ ಆಯ್ಕೆ ಆಗಬೇಕು.

ರಾತ್ರಿ ಎಲ್ಲಿಗೆ ಹೋಗುವುದು?

ದೊಡ್ಡ ಪಗೋಡದ ದಕ್ಷಿಣಕ್ಕೆ ದಾತಾಂಗ್ ಬುಯೆಚಂಗ್ ಎಂಬ ದೀಪದ ಬೀದಿ ಇದೆ. ತಾಂಗ್ ಕಾಲದ ವೇಷ ಹಾಕಿದ ಹುಡುಗಿಯರು, ಸಂಗೀತ, ಸಾವಿರಾರು ಜನ. ಎಲ್ಲ ಈಗ ಕಟ್ಟಿದ್ದು, ಹಳೆಯದು ಯಾವುದೂ ಇಲ್ಲ. ಜಾತ್ರೆ ಎಂದುಕೊಂಡು ಹೋದರೆ ಖುಷಿ, ಇತಿಹಾಸ ಎಂದುಕೊಂಡು ಹೋದರೆ ಬೇಜಾರು.

ವೀಸಾ, ವಿಮಾನ?

ಭಾರತೀಯರಿಗೆ ವೀಸಾ ಬೇಕೇ ಬೇಕು. ಹಲವು ದೇಶದವರಿಗೆ ಇರುವ 240 ಗಂಟೆಯ ಟ್ರಾನ್ಸಿಟ್ ರಿಯಾಯಿತಿ ಪಟ್ಟಿಯಲ್ಲಿ ಭಾರತ ಇಲ್ಲ. 2025ರ ಅಕ್ಟೋಬರ್ ಕೊನೆಯಿಂದ ಭಾರತ ಮತ್ತು ಚೀನಾ ನಡುವೆ ನೇರ ವಿಮಾನಗಳು ಮತ್ತೆ ಶುರುವಾದವು. ಗುವಾಂಗ್‌ಜೋ ಅಥವಾ ಶಾಂಘೈಗೆ ಹೋಗಿ, ಅಲ್ಲಿಂದ ಶಿಯಾನ್ ವಿಮಾನ ಹಿಡಿಯಬಹುದು. ಬೆಂಗಳೂರಿನವರಿಗೆ ಸಿಂಗಪುರ, ಹಾಂಗ್‌ಕಾಂಗ್ ಮೇಲೆ ಹೋಗುವುದೂ ಅನುಕೂಲ. ಬೀಜಿಂಗ್‌ನಲ್ಲಿದ್ದರೆ ಬುಲೆಟ್ ರೈಲೇ ಸರಿ. ನಾಲ್ಕೂವರೆಯಿಂದ ಆರು ಗಂಟೆ, ಇಳಿಯುವುದು ಶಿಯಾನ್ ಉತ್ತರ ನಿಲ್ದಾಣದಲ್ಲಿ. ಅಲ್ಲಿಂದ ಮೆಟ್ರೋ 2ನೇ ಲೈನ್ ನೇರ ಊರಿನ ನಡುವಿನ ಬೆಲ್ ಟವರ್‌ಗೆ ತರುತ್ತದೆ. ಉಳಿದುಕೊಳ್ಳಲೂ ಅದರ ಸುತ್ತಮುತ್ತಲೇ ನೋಡಿ.

ನಗದು ಬೇಕಾ? ಫೋನ್ ಕೆಲಸ ಮಾಡುತ್ತಾ?

ನಗದು ಸ್ವಲ್ಪ ಇರಲಿ. ಮಿಕ್ಕಿದ್ದೆಲ್ಲ ಅಲಿಪೇ ಅಥವಾ ವಿಚಾಟ್. ನಮ್ಮ ಯುಪಿಐ ನಡೆಯುವುದಿಲ್ಲ. ಇಲ್ಲಿಂದಲೇ ಆ್ಯಪ್ ಹಾಕಿ, ವೀಸಾ ಅಥವಾ ಮಾಸ್ಟರ್ ಕಾರ್ಡ್ ಜೋಡಿಸಿ, ಪಾಸ್‌ಪೋರ್ಟ್ ತೋರಿಸಿ ದೃಢಪಡಿಸಿಕೊಳ್ಳಿ. ಅಂತರರಾಷ್ಟ್ರೀಯ ಬಳಕೆ ಆನ್ ಮಾಡಿಸಿಕೊಳ್ಳಿ. 200 ಯುವಾನ್‌ವರೆಗಿನ ಪಾವತಿಗೆ ಶುಲ್ಕ ಇಲ್ಲ, ಮೇಲಾದರೆ 3 ಶೇಕಡಾ.

ವಾಟ್ಸಾಪ್, ಗೂಗಲ್ ಎರಡೂ ಅಲ್ಲಿನ ವೈಫೈನಲ್ಲಿ ತೆರೆಯುವುದಿಲ್ಲ. ನಮ್ಮ ಸಿಮ್‌ನ ರೋಮಿಂಗ್ ಡೇಟಾದಲ್ಲಿ ಸಾಮಾನ್ಯವಾಗಿ ತೆರೆಯುತ್ತದೆ. ನಕ್ಷೆಗೆ ಆ್ಯಮ್ಯಾಪ್ ಹಾಕಿಕೊಳ್ಳಿ. ಹೋಟೆಲ್ ವಿಳಾಸ ಚೀನೀ ಅಕ್ಷರದಲ್ಲಿ ಜೇಬಿನಲ್ಲಿರಲಿ.

ಯಾವಾಗ ಹೋಗಬೇಕು?

ಏಪ್ರಿಲ್, ಮೇ, ಇಲ್ಲವೇ ಸೆಪ್ಟೆಂಬರ್ ಮತ್ತು ಅಕ್ಟೋಬರ್ ನಡುಭಾಗ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ಹತ್ತಿರ ಹೋಗುತ್ತದೆ, ಚಳಿಗಾಲದಲ್ಲಿ ಸೊನ್ನೆಗಿಂತ ಕೆಳಗೆ. ಅಕ್ಟೋಬರ್ ಮೊದಲ ವಾರ, ಮೇ ಮೊದಲ ವಾರ, ಚೀನೀ ಹೊಸ ವರ್ಷ ಮಾತ್ರ ಬೇಡ. ಇಡೀ ದೇಶ ರಜೆಯಲ್ಲಿರುತ್ತದೆ, ಅದರಲ್ಲಿ ಅರ್ಧ ನಿಮ್ಮ ಮುಂದೆ ಕ್ಯೂನಲ್ಲಿ ನಿಂತಿರುತ್ತದೆ.

ಹ್ವಾಶಾನ್ ಬೆಟ್ಟವನ್ನೂ ಸೇರಿಸಬಹುದಾ?

ಮೂರನೇ ದಿನ ಇದ್ದರೆ ಮಾತ್ರ. 120 ಕಿಲೋಮೀಟರ್ ದೂರ, ಬುಲೆಟ್ ರೈಲಿನಲ್ಲಿ ಬೇಗ ಹೋಗಬಹುದು, ಆದರೆ ಕೇಬಲ್ ಕಾರ್ ಇದ್ದರೂ ಇಡೀ ದಿನ ಬೇಕು.

ಮನೆಗೆ ಏನು ತರಬಹುದು?

ಮಣ್ಣಿನ ಸೈನಿಕನ ಪುಟ್ಟ ಗೊಂಬೆ ಎಲ್ಲ ಕಡೆ ಸಿಗುತ್ತದೆ, ಚೌಕಾಸಿ ಮಾಡಿ. ಅದಕ್ಕಿಂತ ಶಾನ್‌ಶಿಯ ಚರ್ಮದ ನೆರಳು ಗೊಂಬೆ ಚೆನ್ನ. ತೊಗಲು ಗೊಂಬೆಯಾಟ ನೋಡಿ ಬೆಳೆದವರು ಆ ಅಂಗಡಿ ಮುಂದೆ ನಿಂತುಬಿಡುತ್ತಾರೆ. ಬೇಲಿನ್ ಹತ್ತಿರದ ಬೀದಿಯಲ್ಲಿ ಶಾಸನಗಳ ಮಸಿ ಅಚ್ಚು ಸಿಗುತ್ತದೆ. ಸುರುಳಿ ಮಾಡಿ ಕೊಡುತ್ತಾರೆ, ಭಾರವೂ ಇಲ್ಲ.

ಹೋಗುವಾಗಲೋ ಬರುವಾಗಲೋ ಚೀನಾದೊಳಗೇ ವಿಮಾನ ಹತ್ತುವುದಿದ್ದರೆ ಪವರ್ ಬ್ಯಾಂಕ್ ನೋಡಿಕೊಳ್ಳಿ. 2025ರ ಜೂನ್ 28ರಿಂದ ಅಲ್ಲಿನ 3ಸಿ ಎಂಬ ಸುರಕ್ಷತೆಯ ಗುರುತು ಇಲ್ಲದ್ದನ್ನು ದೇಶದೊಳಗಿನ ವಿಮಾನಗಳಿಗೆ ಬಿಡುವುದಿಲ್ಲ. ಇಲ್ಲಿಂದ ಒಯ್ದದ್ದರ ಮೇಲೆ ಆ ಗುರುತು ಇದೆಯಾ ಎಂದು ಮನೆಯಲ್ಲೇ ನೋಡಿ. ಇಲ್ಲದಿದ್ದರೆ ಚೀನಾದಲ್ಲೇ ಒಂದು ಕೊಂಡುಕೊಳ್ಳಿ.